ಉತ್ತಮ ಪುರುಷರಿಲ್ಲದ ಕ್ರಿಯಾಪದ

ಇಂಗ್ಲಿಷರು ನಮ್ಮ ಊರಿಗಾಂಗೆ ಬಂದದ್ದು ಚಿನ್ನಕ್ಕಾಗಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿತು. ಚಿನ್ನ ಹಡಗು ಹತ್ತಿತು. ಕ್ಲಬ್ಬು, ಚರ್ಚು, 1894ರ ರೈಲುಹಾದಿ ನಮ್ಮ ಪಾಲಿಗೆ ಉಳಿದವು. ಜೊತೆಗೆ ಒಂದು ಕ್ರಿಯಾಪದವೂ ಉಳಿಯಿತು: ಅಡ್ಜಸ್ಟ್. ಬಾಳಿಕೆಯ ಲೆಕ್ಕದಲ್ಲಿ ವ್ಯಾಪಾರ ನಮಗೇನೂ ನಷ್ಟವಲ್ಲ.

ಅವರ ಭಾಷೆಯಲ್ಲಿ ಅದೊಂದು ಬಡ ಗುಮಾಸ್ತ. ಕನ್ನಡಕ ಸರಿಪಡಿಸುವುದು, ಯಂತ್ರದ ತಿರುಪು ಬಿಗಿಮಾಡುವುದು, ಇಷ್ಟೇ ಕೆಲಸ. ನಮ್ಮಲ್ಲಿ ಅದಕ್ಕೆ ಸಿಕ್ಕ ಬಡ್ತಿ ನೋಡಬೇಕಾದರೆ ಬೆಳಿಗ್ಗೆ ಬೆಂಗಳೂರಿಗೆ ಹೋಗುವ ರೈಲು ಹತ್ತಬೇಕು. ಮಾರಿಕುಪ್ಪಂ, ಚಾಂಪಿಯನ್‌ಗಳಲ್ಲಿ ಹತ್ತಿದವರು ಆಗಲೇ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ಊರಿಗಾಂನವರಾದ ನಾವು ಮೂವರ ಸೀಟಿಗೆ ನಾಲ್ಕನೆಯವರು. ನಾಲ್ಕನೆಯವನದು ಹಕ್ಕು, ಬಾಯಿ ಬಿಡಬೇಕಿಲ್ಲ, ಸೊಂಟ ತಿರುಗಿಸಿದರೆ ಸಾಕು. ಕೋರಮಂಡಲ್‌ನಲ್ಲಿ ಹತ್ತುವ ಐದನೆಯವನಿಗೇ ಕ್ರಿಯಾಪದ ಬೇಕಾಗುವುದು. "ಕೊಂಜಂ ಅಡ್ಜಸ್ಟ್ ಪಣ್ಣುಂಗ" ಎನ್ನುತ್ತಾನೆ. ಬಂಗಾರಪೇಟೆಯಲ್ಲಿ "ಕೊಂಚೆಂ ಅಡ್ಜಸ್ಟ್ ಚೇಸ್ಕೋಂಡಿ", "ಥೋಡಾ ಅಡ್ಜಸ್ಟ್ ಕರೋ ಭಾಯ್", "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್" ಎಲ್ಲವೂ ಒಂದೇ ಬಾಗಿಲಿನಿಂದ ನುಗ್ಗುತ್ತವೆ. ನಾಲ್ಕು ಭಾಷೆಗಳ ಜನ ಒಮ್ಮತಕ್ಕೆ ಬಂದಿರುವುದು ಈ ಪದವೊಂದರಲ್ಲೇ ಇರಬೇಕು.

"ಸರೀರಿ" ಅಂದರೆ ಜಗಳ. ಶುದ್ಧ ಕನ್ನಡವೂ ನಡೆಯುವುದಿಲ್ಲ. ಮಾಸ್ತಿಯವರ ತಾಲ್ಲೂಕಲ್ಲವೇ ಎಂಬ ಅಭಿಮಾನಕ್ಕೋ ಏನೋ, ಮಾಲೂರಿನಲ್ಲಿ ಹತ್ತಿದ ಮೇಷ್ಟ್ರೊಬ್ಬರು "ದಯವಿಟ್ಟು ತಾವು ತುಸು ಹೊಂದಿಕೊಳ್ಳಬೇಕು" ಎಂದರು. ಸೀಟಿನಲ್ಲಿದ್ದ ಗಂಡಹೆಂಡತಿ ಮುಖ ಮುಖ ನೋಡಿಕೊಂಡರು, ನಮ್ಮ ಮನೆ ವಿಷಯ ಇವರಿಗೆ ಹೇಗೆ ತಿಳಿಯಿತು ಎಂಬಂತೆ. ಮೇಷ್ಟ್ರು ವೈಟ್‌ಫೀಲ್ಡ್‌ವರೆಗೂ ನಿಂತೇ ಹೋದರು.

ಈ ಕ್ರಿಯಾಪದಕ್ಕೆ ಉತ್ತಮ ಪುರುಷ ಎಂಬುದೇ ಇಲ್ಲ. ಸದಾ ಮಧ್ಯಮ ಪುರುಷ, ಅದೂ ವಿಧ್ಯರ್ಥ: ನೀವು ಅಡ್ಜಸ್ಟ್ ಮಾಡ್ಕೊಳ್ಳಿ. "ನಾನು ಮಾಡ್ಕೋತೀನಿ ಬಿಡಿ" ಎಂದು ಯಾರಾದರೂ ಅಂದರೆ ಅವರಿಗೆ ಬೇರೆ ದಾರಿಯಿಲ್ಲ ಎಂದೇ ತಿಳಿಯಬೇಕು. ಜೊತೆಗಿರುವ "ಸ್ವಲ್ಪ"ವಂತೂ ಯಾವ ಅಳತೆಗೂ ಸಿಗುವುದಿಲ್ಲ. ರೈಲಿನಲ್ಲಿ ಸ್ವಲ್ಪ ಎಂದರೆ ಅರ್ಧ ಅಡಿ. ಅಂಗಡಿಯವನಿಗೆ ಅದು ಎರಡು ರೂಪಾಯಿ ಚಿಲ್ಲರೆ ಬದಲು ಎರಡು ಚಾಕೊಲೇಟ್. ದರ್ಜಿಗೆ ಎಂಟು ದಿನ. ಹೆಣ್ಣು ನೋಡಲು ಬಂದವರು "ಹುಡುಗಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡು ಹೋಗ್ತಾಳಲ್ವಾ?" ಎಂದು ಕೇಳಿದರೆ ಆ ಸ್ವಲ್ಪ ಜೀವಮಾನದ್ದು. ರಾಜಕಾರಣಿಗಳದು "ಅಡ್ಜಸ್ಟ್‌ಮೆಂಟ್", ಅವರು ಮಾತ್ರ ಪರಸ್ಪರ ಮಾಡಿಕೊಳ್ಳುತ್ತಾರೆ, ಸೀಟಿನ ವಿಷಯದಲ್ಲೇ.

ನಮ್ಮವರಿಗೆ ಇದರ ಅಭ್ಯಾಸ ಹಳೆಯದು. ಗಣಿ ಕಾರ್ಮಿಕರ ಒಂದೇ ಕೋಣೆಯ ಲೈನ್ ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಮಕ್ಕಳು, ಮೇಲೆ ಊರಿಂದ ಬಂದ ನೆಂಟರು. ರಾತ್ರಿ ಪಾಳಿ ಮುಗಿಸಿ ಬಂದವನು ಮಲಗಬೇಕೆಂದರೆ ಹಗಲು ಪಾಳಿಯವನು ಏಳಬೇಕು. ಗಾಳಿ ಎದ್ದರೆ ಗಣಿಯ ಸೈನೈಡ್ ದಿಬ್ಬದ ಧೂಳು ಅನ್ನದ ತಟ್ಟೆಗೂ ಬರುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಯನ್ನೇ ಮುಚ್ಚಿದರು. ಆಗ ಯಾರೂ "ಸ್ವಲ್ಪ" ಎನ್ನಲಿಲ್ಲ, "ಸಾರ್" ಎನ್ನಲೂ ಇಲ್ಲ. ಅಪ್ಪಂದಿರು ಚಾಂಪಿಯನ್ ರೀಫ್‌ನಲ್ಲಿ 3 ಕಿಲೋಮೀಟರಿಗೂ ಹೆಚ್ಚು ಕೆಳಕ್ಕೆ ಇಳಿದು ದುಡಿಯುತ್ತಿದ್ದರು. ಮಕ್ಕಳು ಈಗ ಸುಮಾರು 80 ಕಿಲೋಮೀಟರ್ ಅಡ್ಡಡ್ಡ ಹೋಗಿ ದುಡಿದು, ರಾತ್ರಿ ವಾಪಸು ಬರುತ್ತಾರೆ. ಕೂರಲು ಅರ್ಧ ಅಡಿ ಸಿಕ್ಕರೆ ಅದೇ ಬೋನಸ್ಸು.

ಇಷ್ಟೆಲ್ಲ ಜನ ಅಡ್ಜಸ್ಟ್ ಆದರೂ ಜಗ್ಗದವರು ರೈಲ್ವೆಯವರು. ಕಮಿಷನರ್ ಬೌರಿಂಗ್ ಸಾಹೇಬರ ಹೆಸರಿನ ಬೌರಿಂಗ್‌ಪೇಟೆ ಬಂಗಾರಪೇಟೆಯಾಗಿ ಎಷ್ಟು ಕಾಲವಾಯಿತು; ರೈಲ್ವೆಯ ಸ್ಟೇಷನ್ ಕೋಡ್ ಇವತ್ತಿಗೂ ಬಿಡಬ್ಲ್ಯುಟಿ.