ಕೊಂಬಿನ ಜಂಬ

ಹೊಸ ಅಗ್ರಹಾರದ ಸುತ್ತಿನ ಹಳೇ ತೊಟ್ಟಿಮನೆಗಳಲ್ಲಿ ಗೋಡೆಗೊಂದು ಜಿಂಕೆ ಕೊಂಬು, ಕೊಂಬಿಗೊಂದು ಕೊಡೆ, ಕೊಡೆಯ ಕೆಳಗೊಬ್ಬ ತಾತ. "ನಾಗರಹೊಳೆ ಕಾಡಲ್ಲಿ ಒಂದೇ ಈಡು ಕಣ್ಲಾ!" ಅಂತ ಕಥೆ ಶುರುವಾದರೆ ಜಿಂಕೆ ಕಡವೆಯಾಗಿ, ಕಡವೆ ಕಾಟಿಯಾಗಿ, ಮುದ್ದೆ ಬೇಯುವ ಹೊತ್ತಿಗೆ ಆನೆಯೇ ಆಗಿಬಿಡುತ್ತಿತ್ತು.

ನಂಬಬಹುದಿತ್ತು. ಆದರೆ ಗಂಡು ಜಿಂಕೆ ವರ್ಷ ವರ್ಷ ಕೊಂಬು ಉದುರಿಸಿ ಹೊಸದು ಬೆಳೆಸಿಕೊಳ್ಳುತ್ತದೆ. ಹೊಡೆದ ಜಿಂಕೆಯದಾದರೆ ಕೊಂಬಿನ ಬುಡದಲ್ಲಿ ಸಾಮಾನ್ಯವಾಗಿ ತಲೆಬುರುಡೆಯ ತುಂಡಿರುತ್ತದೆ. ತಾನಾಗಿ ಕಳಚಿದ್ದಕ್ಕೆ ಅದಿರುವುದಿಲ್ಲ. ನಾನು ಇಣುಕಿದ ಕಡೆಯೆಲ್ಲ ಬುರುಡೆ ಕೊಂಬಿನಲ್ಲಿರಲಿಲ್ಲ, ತಾತನ ಮಾತಿನಲ್ಲಿತ್ತು. ಬಹುಪಾಲು ಬೇಟೆಗಾರರು ಹೋಗಿದ್ದು ಸೌದೆಗೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ಹಾಗಿರಲಿ, ಉದುರಿದ ಕೊಂಬು ಮನೆಗೆ ತಂದರೂ ಕೇಸು. 2023ರ ಅಕ್ಟೋಬರಿನಲ್ಲಿ ಟಿವಿ ಷೋ ಸ್ಪರ್ಧಿಯೊಬ್ಬರ ಕೊರಳಿನ ಹುಲಿಯುಗುರು ಸುದ್ದಿಯಾಯಿತಲ್ಲ, ಆಗ ನೋಡಬೇಕಿತ್ತು. ಕೊಡೆಗಳೆಲ್ಲ ನೆಲಕ್ಕಿಳಿದವು. ಒಂದೇ ಈಡಿನ ವೀರರು "ನಾನೆಲ್ಲಿ ಹೊಡೆದೆ ಮಗಾ, ನಂಗೆ ಕೋವಿ ಹಿಡಿಯೋಕೇ ಬರಲ್ಲ" ಎಂದು ಐವತ್ತು ವರ್ಷದ ಕೀರ್ತಿಯನ್ನು ಒಂದೇ ಉಸಿರಿಗೆ ಬಿಟ್ಟುಕೊಟ್ಟರು.

ಈಗಿನ ಬೇಟೆ ಕ್ಯಾಮೆರಾದ್ದು. ಹೆಗ್ಗಡದೇವನಕೋಟೆ ಕಡೆ ದಮ್ಮನಕಟ್ಟೆಯಲ್ಲಿ ಸಫಾರಿ ಹತ್ತಿದವರಿಗೆ ಚುಕ್ಕೆ ಜಿಂಕೆಯ ಹಿಂಡು ಕಂಡರೆ ಬೇಸರ: "ಬರೀ ಜಿಂಕೇನಾ? ಮುಂದೆ ಹೋಗಣ್ಣ." ಜಿಂಕೆ ಗಾಬರಿಯಿಂದ ಕೂಗಿತೋ, ಆಗ ಮಾತ್ರ ಎಲ್ಲರೂ ಅದರ ಮುಖವನ್ನೇ ನೋಡುತ್ತಾರೆ, ಅದು ಎತ್ತ ನೋಡುತ್ತಿದೆ ಅಂತ.