ವಿಲಾಯತಿ ಬುದ್ಧರ ಜೊತೆ ಮಾತುಕತೆ

ಅಶೋಕಪುರಂನ ಗಂಧದ ಕೋಠಿಗೆ ಹೋಗುವವರು ಜೇಬಿನಲ್ಲಿ ಪೆನ್ನೊಂದನ್ನು ಬಿಟ್ಟು ಬೇರೇನೂ ಇಟ್ಟುಕೊಳ್ಳದಿರುವುದು ಕ್ಷೇಮ. ಹೊರಗೆ ಬರುವಾಗ ಉತ್ತರ ಹೇಳಬೇಕಾದೀತು. ಅಲ್ಲಿನ ಮೂಲೆಯೊಂದರಲ್ಲಿ ಹಳೆಯ ಕೊರಡೊಂದು ಕೂತಿದೆ, 1914ರ ಹರಾಜಿಗೆ ಬಂದು, ಕೊಳ್ಳುವವರಿಲ್ಲದೆ ಉಳಿದು, ಅಂದಿನಿಂದ ಎಲ್ಲ ದಾಸ್ತಾನು ಪುಸ್ತಕಗಳಿಂದಲೂ ತಪ್ಪಿಸಿಕೊಂಡಿದೆ ಎಂಬ ಗುಸುಗುಸು ಬಹಳ ದಿನದಿಂದ ಇತ್ತು. ಹೋಗಿ ನೋಡಿದರೆ ನಿಜ. ತೊಗಟೆ, ಬಿಳಿ ಭಾಗ ಎಲ್ಲ ಕೆತ್ತಿಸಿಕೊಂಡು, ಬರೀ ಚೇಗಾಗಿ, ತುದಿಯಲ್ಲಿ ಇಲಾಖೆಯ ಸುತ್ತಿಗೆ ಮುದ್ರೆ ಹೊತ್ತು ಗತ್ತಿನಿಂದ ಕೂತಿತ್ತು. ಒರಗಿಕೊಳ್ಳಲು ಹೋದ ನಮ್ಮನ್ನು ಮೊದಲು ಗದರಿಸಿ, ಆಮೇಲೆ ಮಾತಿಗೆ ಒಪ್ಪಿಕೊಂಡಿತು. ತನ್ನನ್ನು ತಾನು ಬಹುವಚನದಲ್ಲೇ ಕರೆದುಕೊಳ್ಳುತ್ತದೆ. ನಾವು ಹಾಗೇ ಬಿಟ್ಟಿದ್ದೇವೆ.

ಪ್ರಶ್ನೆ: ನಮಸ್ಕಾರ ಬುದ್ಧಿ. ಓದುಗರಿಗೆ ತಮ್ಮ ಪರಿಚಯ?

ಕೊರಡು: ನಾವು ವಿಲಾಯತಿ ಬುದ್ಧ. ಮೊದಲನೇ ದರ್ಜೆ. ನಮ್ಮ ಕೆಳಗೆ ಚೀನಾ ಬುದ್ಧ, ಅವನ ಕೆಳಗೆ ಪಂಜಂ, ಅದರ ಕೆಳಗೆ ಘೋಟ್ಲಾ, ಆಮೇಲೆ ಬೇರು, ಚಕ್ಕೆ, ಗರಗಸದ ಪುಡಿ. ಒಟ್ಟು 18 ದರ್ಜೆ. ಹುಟ್ಟಿದ್ದು ಎಲ್ಲರೂ ಒಂದೇ ಮರದಲ್ಲಿ. ಹಾಗಂತ ಒಂದೇ ರಾಶಿಯಲ್ಲಿ ಕೂರೋಕಾಗುತ್ತಾ?

ಪ್ರಶ್ನೆ: ಹಳೇ ಮೈಸೂರಿನ ಪದ್ಧತಿಯೇ ಹಾಗಿತ್ತು ಅನ್ನಿ.

ಕೊರಡು: ಅದು ನಿಮ್ಮ ಬಾಯಿಂದ ಬಂದದ್ದು. ಹಾಗೇ ಬರ್ಕೊಳ್ಳಿ.

ಪ್ರಶ್ನೆ: ತಾವು ರಾಜವೃಕ್ಷ ಅಂತಾರೆ.

ಕೊರಡು: 1792ರಲ್ಲಿ ಟಿಪ್ಪು ಸುಲ್ತಾನರು ಮಾಡಿದ ಹುಕುಂ. ಆಮೇಲೆ ಒಡೆಯರು ಬಂದರು, ಇಂಗ್ಲಿಷ್ ಕಮಿಷನರುಗಳು ಬಂದರು, ಮತ್ತೆ ಒಡೆಯರು, ಕಡೆಗೆ ನಿಮ್ಮ ಪ್ರಜಾಪ್ರಭುತ್ವ. ಟಿಪ್ಪು ಮಾಡಿದ್ದರಲ್ಲಿ ಏನೇನೋ ಅಳಿಸಿದರು, ಇದೊಂದನ್ನ ಮಾತ್ರ ಬಹುಕಾಲ ಯಾರೂ ಮುಟ್ಟಲಿಲ್ಲ. ರೈತನ ಬದುವಿನಲ್ಲಿ ಹುಟ್ಟಿದರೂ ನಾವು ಸರ್ಕಾರದ ಸ್ವತ್ತಾಗಿದ್ದೆವು. ಬೆಳೆಸೋದು, ಕಾಯೋದು ಅವನ ಕರ್ಮ. ಕಾನೂನಿಗೆ ತಿದ್ದುಪಡಿಯಾಗಿ ಮರ ಬೆಳೆದವನದೇ ಅಂತ ಆಗೋದಕ್ಕೆ 2001 ಬರಬೇಕಾಯಿತು.

ಪ್ರಶ್ನೆ: ವಿಷಯಕ್ಕೆ ಬರೋಣ. ಎಲ್ಲೋ ದೂರದಲ್ಲಿ ಯುದ್ಧವಾದರೆ ಮೈಸೂರಿಗೇನು ಅಂತ ಜನ ಕೇಳ್ತಾರೆ. 2022ರಲ್ಲಿ ಉಕ್ರೇನಿನಲ್ಲಿ ಗುಂಡು ಹಾರಿದ್ದಕ್ಕೆ ಇಲ್ಲಿ ಸೂರ್ಯಕಾಂತಿ ಎಣ್ಣೆ ರೇಟು ಏರಿದಾಗ ಒಂಚೂರು ಅರ್ಥವಾಯಿತು. ತಮ್ಮ ಅನುಭವ ಹಳೆಯದು.

ಕೊರಡು: ನಮ್ಮದೂ ಎಣ್ಣೆಯ ಕಥೆಯೇ. 1914ರವರೆಗೆ ನಮ್ಮ ಖಾಸಾ ಗಿರಾಕಿ ಜರ್ಮನಿ. ಇಲ್ಲಿಂದ ಕೊರಡು ಹಡಗು ಹತ್ತೋದು, ಅಲ್ಲಿ ಎಣ್ಣೆ ತೆಗೆಯೋದು, ಲಾಭ ಅವರ ಗಲ್ಲಾಪೆಟ್ಟಿಗೆಗೆ. ಮೈಸೂರಿಗೆ ಮರದ ದುಡ್ಡು, ಅಷ್ಟೇ. ಆ ಆಗಸ್ಟಿನಲ್ಲಿ ಒಂದು ದಿನ ಎದ್ದು ನೋಡ್ತೀವಿ, ಅದೇ ಗಿರಾಕಿ ನಮ್ಮ ಶತ್ರು! ಯಾವಾಗ ಜಗಳವಾಯಿತು, ಯಾರು ಮೊದಲು ಬೈದರು, ಒಂದೂ ಗೊತ್ತಿಲ್ಲ. ಹರಾಜಿನಲ್ಲಿ ಕೂಗೋರು ಕೂಗಿದರು, ಕೇಳೋರು ಗತಿಯಿಲ್ಲ. ಸಂಸ್ಥಾನದ ದೊಡ್ಡ ಆದಾಯವೊಂದು ಹಾಗೇ ನಿಂತುಹೋಯಿತು.

ಪ್ರಶ್ನೆ: ಯುದ್ಧಕ್ಕೆ ಸೇರಬೇಕೋ ಬೇಡವೋ ಅಂತ ಮೈಸೂರಿನ ಜನರನ್ನ ಕೇಳಿದ್ದರಾ?

ಕೊರಡು: (ನಗುತ್ತಾ, ಕೋಠಿಯೆಲ್ಲ ಘಮ್ಮೆಂದಿತು) ಕೇಳೋದಕ್ಕೆ ಜಾಗವೇನೋ ಇತ್ತು. 1881ರಿಂದ ಪ್ರಜಾಪ್ರತಿನಿಧಿ ಸಭೆ ಇತ್ತಲ್ಲ, ದಸರಾ ಹೊತ್ತಿಗೆ ಇದೇ ಊರಿನಲ್ಲಿ ಸೇರೋದು. ಜರಿಪೇಟ ಸುತ್ತಿದ ಪ್ರತಿನಿಧಿಗಳು ನಮ್ಮೂರ ಕೆರೆ ಒಡೆದಿದೆ, ರಸ್ತೆ ಕೆಟ್ಟಿದೆ ಅಂತ ಅರಿಕೆ ಮಾಡಿಕೊಳ್ಳೋರು. ದಿವಾನರು ಕೇಳಿಸಿಕೊಳ್ಳೋರು. ಅರಿಕೆ ಮಾಡಬಹುದಿತ್ತು, ಬೇಡ ಅನ್ನೋ ಹಾಗಿರಲಿಲ್ಲ. ಆ ಸಭೆಗೆ ಒಂದು ಶಾಸನದ ಬಲ ಸಿಕ್ಕಿದ್ದೇ 1923ರಲ್ಲಿ, ಯುದ್ಧ ಮುಗಿದು ಐದು ವರ್ಷವಾದ ಮೇಲೆ.

ಪ್ರಶ್ನೆ: ಆದರೆ ಮಹಾರಾಜರು ಉದಾರವಾಗಿ ಕೊಟ್ಟರು.

ಕೊರಡು: ಆಳಿದ ಮಹಾಸ್ವಾಮಿಯವರು, ನಾಲ್ವಡಿಯವರು, ಯುದ್ಧ ಶುರುವಾದ ವರ್ಷವೇ 50 ಲಕ್ಷ ರೂಪಾಯಿ ಕೊಟ್ಟರು. ವರ್ಷ ವರ್ಷ ಇಂಗ್ಲಿಷರಿಗೆ ಕಟ್ಟುತ್ತಿದ್ದ 35 ಲಕ್ಷದ ಪೊಗದಿ ಬೇರೆ, ಇದು ಬೇರೆ. ಒಂದು ವರ್ಷ ಹಿಂದೆ, 1913ರಲ್ಲಿ, ಹೊಸ ಒಪ್ಪಂದವಾಗಿ ಸಂಸ್ಥಾನದ ಮಾನ ಒಂದು ಮೆಟ್ಟಿಲು ಏರಿತ್ತು. ಸ್ನೇಹಿತ ಅಂತ ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆ ಸ್ನೇಹಿತನ ಮನೆ ಮದುವೆಗೆ ಮುಯ್ಯಿ ಹಾಕದೆ ಇರೋಕಾಗುತ್ತಾ? ಅವರು ಧರ್ಮಾತ್ಮರು, ಅವರನ್ನ ಅನ್ನೋದಿಲ್ಲ. ಮುಯ್ಯಿಯ ದುಡ್ಡು ಯಾವ ಹೊಲದಿಂದ ಬಂತು ಅಂತ ಮಾತ್ರ ನಾವು ಕೇಳ್ತೀವಿ. ಅದರಲ್ಲಿ ಗಂಧದ ಪಾಲೂ ಇದೆಯಪ್ಪ.

ಪ್ರಶ್ನೆ: ಸೈನ್ಯವೂ ಹೋಯಿತಲ್ಲ?

ಕೊರಡು: ಮೈಸೂರು ಲ್ಯಾನ್ಸರ್ಸ್. 1914ರಲ್ಲೇ ಈಜಿಪ್ಟಿಗೆ. ಸೂಯೆಜ್ ಕಾಲುವೆ ಕಾದರು, ಗಾಜಾ ಕಡೆ ಕಾದಾಡಿದರು, 1918ರ ಸೆಪ್ಟೆಂಬರ್ 23ಕ್ಕೆ ತುರ್ಕಿಯವರ ಕೈಲಿದ್ದ ಹೈಫಾ ಹಿಡಿದರು. ಮೆಷಿನ್ ಗನ್ನು, ಫಿರಂಗಿಗಳ ಎದುರಿಗೆ ಕುದುರೆ ಮೇಲೆ ಈಟಿ ಹಿಡಿದು! ಜೋಧಪುರದವರು ಊರಿಗೆ ನುಗ್ಗಿದರು, ನಮ್ಮವರು ಕಾರ್ಮೆಲ್ ಬೆಟ್ಟ ಹತ್ತಿ ತೋಪುಗಳನ್ನ ಹಿಡಿದರು. ಆ ದಿನ ಸತ್ತವರು 8 ಜನ. ಸತ್ತ ಕುದುರೆ 60. ದಿಲ್ಲಿಯಲ್ಲಿ ಮೂರು ಸಂಸ್ಥಾನದ ಹೆಸರಿನಲ್ಲಿ ಮೂರು ವಿಗ್ರಹ ನಿಲ್ಲಿಸಿದರಲ್ಲ, ತೀನ್ ಮೂರ್ತಿ, ಹೋಗಿ ನೋಡಿ: ಮೂವರೂ ನಿಂತಿದ್ದಾರೆ, ಕುದುರೆ ಒಂದೂ ಇಲ್ಲ. ಅಶ್ವದಳಕ್ಕೆ ಕಟ್ಟಿದ ಸ್ಮಾರಕ!

ಪ್ರಶ್ನೆ: ಆ ಶೌರ್ಯ ಸುಳ್ಳೇನಲ್ಲವಲ್ಲ.

ಕೊರಡು: ಸುಳ್ಳು ಅಂದವರಾರು? ಈಟಿ ಹಿಡಿದವನ ಎದೆಗಾರಿಕೆ ನಿಜ. ತುರ್ಕಿಯವರ ಮೇಲೆ ಅವನಿಗೆ ಕೋಪ ಇತ್ತು ಅನ್ನೋದನ್ನ ಮಾತ್ರ ನಾವು ನಂಬೋದಿಲ್ಲ.

ಪ್ರಶ್ನೆ: ತಮ್ಮ ಮಾತಿಗೆ ಬನ್ನಿ. ಗಿರಾಕಿ ಹೋದ ಮೇಲೆ ತಮ್ಮ ಗತಿ?

ಕೊರಡು: ಉದ್ಧಾರವಾದೆವು! ದಿವಾನರು ವಿಶ್ವೇಶ್ವರಯ್ಯನವರು, ಕೈಗಾರಿಕೆ ಇಲಾಖೆಗೆ ಆಲ್ಫ್ರೆಡ್ ಚಾಟರ್ಟನ್. ಮರ ಮಾರೋದು ಯಾಕೆ, ಎಣ್ಣೆ ನಾವೇ ತೆಗೆಯೋಣ ಅಂದರು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಡ್‌ಬರೋ, ವಾಟ್ಸನ್ ಅಂತ ಇಬ್ಬರು ನಮ್ಮವರ ಪುಡಿಗೆ ಆವಿ ಹಾಯಿಸಿ ಎಣ್ಣೆ ಇಳಿಸಿ ತೋರಿಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಚಿಕ್ಕದಾಗಿ ಶುರು, ಮರುವರ್ಷ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ. ಜರ್ಮನಿಗೆ ಹೋಗಿ ಎಣ್ಣೆಯಾಗಬೇಕಿದ್ದವರು ಇಲ್ಲೇ ಆದೆವು. ಸ್ವದೇಶಿ ಅಂತ ಜನ ಹಿಗ್ಗಿದರು. ಪುಡಿಯಾಗೋದಂತೂ ತಪ್ಪಲಿಲ್ಲ, ಅದು ಬೇರೆ ಮಾತು.

ಪ್ರಶ್ನೆ: ಆ ಎಣ್ಣೆ ಯುದ್ಧಕಾಲದಲ್ಲಿ ಯಾರಿಗೆ ಬೇಕಿತ್ತು? ದೇವರ ಪೂಜೆಗೆ, ಅತ್ತರಿಗೆ...

ಕೊರಡು: (ಸ್ವಲ್ಪ ಹೊತ್ತು ಸುಮ್ಮನಿದ್ದು) ಹೆಂಗಸರು ಮಕ್ಕಳು ಓದೋ ಪತ್ರಿಕೆಯೇ?

ಪ್ರಶ್ನೆ: ಎಲ್ಲರೂ ಓದ್ತಾರೆ.

ಕೊರಡು: ಹಾಗಾದರೆ ಔಷಧಕ್ಕೆ ಅಂತ ಬರ್ಕೊಳ್ಳಿ. ಇಂಗ್ಲಿಷರ ಔಷಧದ ಪುಸ್ತಕದಲ್ಲೇ ನಮ್ಮ ಎಣ್ಣೆಯ ಹೆಸರಿತ್ತು. ಯಾವ ರೋಗಕ್ಕೆ ಅಂದರೆ... ದಂಡು ಬೀಡು ಬಿಟ್ಟ ಊರುಗಳಲ್ಲಿ ಹರಡುತ್ತಲ್ಲ, ಹೆಂಡತಿಗೆ ಕಾಗದ ಬರೆಯುವಾಗ ಸಿಪಾಯಿ ಬಿಟ್ಟು ಬರೆಯೋ ರೋಗ, ಅದಕ್ಕೆ. ಪೆನಿಸಿಲಿನ್ ಇನ್ನೂ ಬಂದಿರಲಿಲ್ಲ. ಇಲ್ಲಿ ನಮ್ಮನ್ನ ತೇಯ್ದು ಚಾಮುಂಡಿಗೆ ಹಚ್ಚೋರು, ಅಲ್ಲಿ ಕ್ಯಾಪ್ಸೂಲು ಮಾಡಿ ನುಂಗೋರು. ಸಾಕು ಬಿಡಿ, ಗಂಧದ ಸೋಪಿನ ವಿಷಯ ಕೇಳಿ.

ಪ್ರಶ್ನೆ: ಸೋಪಿನ ವಿಷಯ ಎಲ್ಲರಿಗೂ ಗೊತ್ತು.

ಕೊರಡು: ಅದೇ ನಮ್ಮ ದೂರು. ಸೋಪು ಎಲ್ಲರಿಗೂ ಗೊತ್ತು. ಕಾರ್ಖಾನೆ ಯಾಕೆ ಹುಟ್ಟಿತು ಅಂತ ಕೇಳಿದರೆ ಮಹಾರಾಜರ ದೂರದೃಷ್ಟಿ ಅಂತಾರೆ, ದಿವಾನರ ಬುದ್ಧಿವಂತಿಕೆ ಅಂತಾರೆ. ಎರಡೂ ಹೌದು. ಆದರೆ ಜರ್ಮನಿಯ ಕೈಸರ್ ದೊರೆ 1914ರಲ್ಲಿ ಬೆಲ್ಜಿಯಮ್ಮಿಗೆ ನುಗ್ಗದಿದ್ದರೆ ನಾವು ಈಗಲೂ ಹಡಗಿನಲ್ಲೇ ಹೋಗ್ತಿದ್ದೆವು. ಅವನ ಚಿತ್ರ ಒಂದು ಕಾರ್ಖಾನೆಯಲ್ಲೂ ಹಾಕಲಿಲ್ಲ. ಕೃತಜ್ಞತೆ ಇಲ್ಲದ ಜನ.

ಪ್ರಶ್ನೆ: ಉದ್ಧಾರವಾದವರ ಕಥೆ ಆಯಿತು. ಆಗದವರು?

ಕೊರಡು: ಮ್ಯಾಂಚೆಸ್ಟರಿನ ಬಟ್ಟೆ ತುಟ್ಟಿ, ಸೀಮೆಎಣ್ಣೆ ತುಟ್ಟಿ, ಜರ್ಮನಿಯ ಬಣ್ಣ ಬರೋದು ನಿಂತು ನೂಲಿಗೆ ಬಣ್ಣ ಕಟ್ಟೋರ ಕೈ ಖಾಲಿ. 1918ರಲ್ಲಿ ಮಳೆಯೂ ಕೈಕೊಟ್ಟಿತು. ಅದೇ ವರ್ಷ ಇನ್‌ಫ್ಲುಯೆಂಜಾ. ಬೊಂಬಾಯಿ ಬಂದರಿಗೆ ಬಂದ ಹಡಗುಗಳಿಂದ ಇಳಿದು, ರೈಲು ಹತ್ತಿ ಊರೂರಿಗೆ ಬಂತು. ಹೈಫಾದ ಸುದ್ದಿಯೂ ಆ ಜ್ವರವೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಮೈಸೂರು ಸೀಮೆಗೆ ಮುಟ್ಟಿದ್ದು. ಸಂಸ್ಥಾನದಲ್ಲಿ 1911ರ ಜನಗಣತಿಗೆ 58 ಲಕ್ಷ ಜನ. ಹತ್ತು ವರ್ಷ ಕಳೆದು ಎಣಿಸಿದರೂ 60 ಲಕ್ಷ ತುಂಬಲಿಲ್ಲ. ಹೈಫಾದಲ್ಲಿ ಸತ್ತವರಿಗೆ ಕಂಬ ಇದೆ. ಜ್ವರದಲ್ಲಿ ಹೋದವರಿಗೆ ಜನಗಣತಿಯ ಒಂದು ಸಾಲು.

ಪ್ರಶ್ನೆ: ರಾಜಕೀಯ?

ಕೊರಡು: ಯುದ್ಧಕ್ಕೆ ಎಲ್ಲ ಜಾತಿಯ ಕಂದಾಯವೂ ಬೇಕಾಯಿತು. ಸರ್ಕಾರಿ ಕಚೇರಿಯ ಕುರ್ಚಿಗಳಲ್ಲಿ ಮಾತ್ರ ಬಹುಪಾಲು ಒಂದೇ ಜಾತಿ. 1917ರಲ್ಲಿ ಪ್ರಜಾಮಿತ್ರ ಮಂಡಳಿ ಹುಟ್ಟಿ ಇದನ್ನ ಕೇಳಿತು. 1918ರಲ್ಲಿ ಇದನ್ನ ವಿಚಾರಿಸೋಕೆ ಮಹಾಸ್ವಾಮಿಯವರು ಮಿಲ್ಲರ್ ಸಮಿತಿ ನೇಮಿಸಿದರು. ಜಾತಿ ನೋಡಿ ಕೆಲಸ ಕೊಡಬಾರದು, ಯೋಗ್ಯತೆಯೇ ಮುಖ್ಯ ಅಂತ ವಿಶ್ವೇಶ್ವರಯ್ಯನವರು ಆ ವರ್ಷದ ಕೊನೆಗೆ ದಿವಾನಗಿರಿ ಬಿಟ್ಟರು. ನಾವು 18 ದರ್ಜೆಯ ಮನೆತನದವರು, ಈ ವಿಷಯದಲ್ಲಿ ಬಾಯಿ ಬಿಟ್ಟರೆ ಚೀನಾ ಬುದ್ಧನಿಗೆ ಸಿಟ್ಟು ಬರುತ್ತೆ. ಒಂದು ಹೇಳ್ತೀವಿ: ಗರಗಸದ ಪುಡಿಯಲ್ಲೂ ಎಣ್ಣೆ ಇದೆ ಅಂತ ಕಾರ್ಖಾನೆಗೆ ಗೊತ್ತಿತ್ತು, ಸೆಕ್ರೆಟೇರಿಯಟ್ಟಿಗೆ ತಿಳಿಯೋದು ತಡವಾಯಿತು.

ಪ್ರಶ್ನೆ: ಎರಡನೇ ಮಹಾಯುದ್ಧದಲ್ಲಿ ತಾವು ಎಲ್ಲಿದ್ದಿರಿ?

ಕೊರಡು: ಇಲ್ಲೇ, ಇದೇ ಮೂಲೆಯಲ್ಲಿ. 1939ರಲ್ಲಿ ವೈಸರಾಯ್ ಸಾಹೇಬರು ಯಾರನ್ನೂ ಒಂದು ಮಾತು ಕೇಳದೆ ಇಂಡಿಯಾ ಯುದ್ಧದಲ್ಲಿದೆ ಅಂತ ಸಾರಿಬಿಟ್ಟರು. ಆದರೆ ಈ ಸಲ ಜನ ಮೊದಲಿನ ಹಾಗೆ ಪೇಟ ಸುತ್ತಿಕೊಂಡು ಅರಿಕೆ ಮಾಡಲಿಲ್ಲ. 1942ರಲ್ಲಿ ಮಹಾರಾಜ ಕಾಲೇಜಿನ ಹುಡುಗರು ತರಗತಿ ಬಿಟ್ಟು ಬೀದಿಗೆ ಬಂದು ಜೈಲಿಗೆ ಹೋದರು. ಮುಂದೆ ದಿಲ್ಲಿಯಲ್ಲಿ ಪ್ರಧಾನಿಗಳಿಗೆ ಭಾಷಣ ಬರೆದುಕೊಟ್ಟ ಎಚ್.ವೈ. ಶಾರದಾ ಪ್ರಸಾದ್ ಅವರಲ್ಲೊಬ್ಬರು. ಶಿವಮೊಗ್ಗ ಜಿಲ್ಲೆಯ ಈಸೂರು ತಾನೇ ಸ್ವತಂತ್ರ ಅಂತ ಸಾರಿಕೊಂಡಿತು. 1943ರ ಮಾರ್ಚಿನಲ್ಲಿ ಆ ಊರಿನ ಐವರಿಗೆ ಗಲ್ಲಾಯಿತು.

ಪ್ರಶ್ನೆ: ತಮಗೆ?

ಕೊರಡು: ನಮಗೆ 1944ರಲ್ಲಿ ಇನ್ನೊಂದು ಎಣ್ಣೆ ಕಾರ್ಖಾನೆ ಆಯಿತು. ಶಿವಮೊಗ್ಗದಲ್ಲೇ.

(ಇಲ್ಲಿ ನಮಗೆ ಮುಂದಿನ ಪ್ರಶ್ನೆ ತೋಚಲಿಲ್ಲ. ಕೊರಡೇ ಮುಂದುವರಿಸಿತು.)

ಕೊರಡು: ಯಾಕೆ ಮುಖ ಹಾಗೆ ಮಾಡ್ತೀರಿ? ನಮ್ಮ ಸ್ವಭಾವವೇ ಅದು. ಗಂಧದ ಗಿಡ ತನ್ನ ಬೇರನ್ನ ನಂಬಿ ಬದುಕೋದಿಲ್ಲ. ಪಕ್ಕದ ಹೊಂಗೆಯದೋ ತೊಗರಿಯದೋ ಬೇರಿಗೆ ನೆಲದೊಳಗೇ ಬಾಯಿ ಹಾಕಿ ಹೀರಿಕೊಳ್ಳುತ್ತೆ. ಮೇಲೆ ನಿಂತು ನೋಡಿದೋರಿಗೆ ಪರಿಮಳ ಅಷ್ಟೇ ಗೊತ್ತಾಗೋದು. ಇಂಗ್ಲಿಷರು ನಮ್ಮನ್ನ ಅಷ್ಟು ಮೆಚ್ಚಿಕೊಂಡಿದ್ದು ಸುಮ್ಮನೆ ಅಂದುಕೊಂಡಿರಾ?

ಪ್ರಶ್ನೆ: ಆಮೇಲೆ ಹೈಫಾ ಮತ್ತೆ ಸುದ್ದಿಗೆ ಬಂತು. 2018ರ ಜನವರಿಯಲ್ಲಿ ಇಸ್ರೇಲಿನ ಪ್ರಧಾನಿ ದಿಲ್ಲಿಗೆ ಬಂದಾಗ ಆ ಮೂರು ವಿಗ್ರಹಗಳ ವೃತ್ತಕ್ಕೆ ತೀನ್ ಮೂರ್ತಿ ಹೈಫಾ ಚೌಕ ಅಂತ ಹೆಸರಾಯಿತು. ಮೈಸೂರಿನವರೂ ಹೆಮ್ಮೆ ಪಟ್ಟರು.

ಕೊರಡು: ಪಡಲಿ. ಸತ್ತವರ ಹೆಸರು ನೂರು ವರ್ಷದ ಮೇಲಾದರೂ ನೆನಪಾದರೆ ಒಳ್ಳೆಯದೇ. ಆದರೆ ಗಮನಿಸಿ: 1918ರಲ್ಲಿ ಇಸ್ರೇಲ್ ಅನ್ನೋ ದೇಶವೇ ಇರಲಿಲ್ಲ, ಇಂಡಿಯಾ ನಿಮ್ಮದಾಗಿರಲಿಲ್ಲ, ಊರು ತುರ್ಕಿಯವರದಾಗಿತ್ತು, ಯುದ್ಧ ಇಂಗ್ಲಿಷರದಾಗಿತ್ತು. ಅಷ್ಟು ಜನರ ಮಧ್ಯೆ ಮೈಸೂರಿನದು ಅಂತ ಇದ್ದದ್ದು ಈಟಿ ಹಿಡಿದ ಆಳು, ಅವನ ಕುದುರೆ, ಅವನ ಸಂಬಳ ಕೊಟ್ಟ ರೈತ. ಯುದ್ಧ ಹಳೆಯದಾದಷ್ಟೂ ಅದಕ್ಕೆ ವಾರಸುದಾರರು ಜಾಸ್ತಿ. ನಡೆಯೋವಾಗ ಒಬ್ಬನೂ ಸಿಗೋದಿಲ್ಲ.

ಪ್ರಶ್ನೆ: ಕೊನೆಯದಾಗಿ, ಓದುಗರಿಗೆ ಏನು ಹೇಳ್ತೀರಿ?

ಕೊರಡು: ಎರಡು ಯುದ್ಧಕ್ಕೂ ಜನರನ್ನ ಕೇಳದೆ ಒಂದೇ ದಿನದಲ್ಲಿ ಸೇರಿಕೊಂಡ ಸರ್ಕಾರ, ಅದೇ ಜನ ಜವಾಬ್ದಾರಿ ಸರ್ಕಾರ ಕೊಡಿ ಅಂದಾಗ ಮಾತ್ರ ಯೋಚನೆ ಮಾಡಬೇಕು ಅಂತು. 1947ರ ಆಗಸ್ಟ್ 15 ದಾಟಿದರೂ ಇನ್ನೂ ಯೋಚಿಸ್ತಲೇ ಇತ್ತು. ಆಗ ಮೈಸೂರು ಚಲೋ ಚಳವಳಿ ಆಯಿತು. ಆ ಸೆಪ್ಟೆಂಬರಿನಲ್ಲಿ ಇದೇ ಊರಿನಲ್ಲಿ ಗುಂಡಿಗೆ ಬಿದ್ದ ವಿದ್ಯಾರ್ಥಿ ರಾಮಸ್ವಾಮಿ. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಹೈಫಾಕ್ಕೆ ಹೋಗಿಬರೋಕೆ ನಿಮ್ಮ ಓದುಗರಲ್ಲಿ ಎಲ್ಲರಿಗೂ ಆಗಲಿಕ್ಕಿಲ್ಲ. ರಾಮಸ್ವಾಮಿ ವೃತ್ತ ಇಲ್ಲಿಂದ ಹತ್ತಿರವೇ. ದಿನಾ ಆ ಹೆಸರು ಹೇಳಿ ಆಟೋ ಹತ್ತೋರು, ಒಂದು ದಿನ ಅಲ್ಲೇ ಇಳಿದು, ಆ ಹುಡುಗ ಯಾರು ಅಂತ ಮಕ್ಕಳಿಗೆ ಹೇಳಲಿ.