ಬಾಕ್ಸ್ ನಂಬದ ಮಹಾಶಯರು

ಗ್ರಾಫಿಕ್ಸ್ ಕಾರ್ಡನ್ನು ಕೆಲವರು ಆಟಕ್ಕೆ ಕೊಳ್ಳುತ್ತಾರೆ, ಕೆಲವರು ವಿಡಿಯೊ ಎಡಿಟಿಂಗಿಗೆ, ಈಚೀಚೆಗೆ ಕೆಲವರು ಮನೆಯಲ್ಲೇ ಎಐ ಮಾಡೆಲ್ ಓಡಿಸುವುದಕ್ಕೆ. ಇವರಲ್ಲದೆ, ಪರೀಕ್ಷಿಸುವುದಕ್ಕೆಂದೇ ಕೊಳ್ಳುವ ಮಹಾಶಯರೊಬ್ಬರು ಪ್ರತಿ ಆಫೀಸಿನಲ್ಲೂ, ಪ್ರತಿ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲಿನಲ್ಲೂ ಇರುತ್ತಾರೆ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಕೊಂಡಿರಲಿ, ಆನ್‌ಲೈನಿನಲ್ಲಿ ತರಿಸಿರಲಿ, ಬಾಕ್ಸಿನ ಮೇಲೆ ಅಚ್ಚಾದ ಒಂದಕ್ಷರವನ್ನೂ ಅವರು ನಂಬುವುದಿಲ್ಲ. ಟೇಪು ಕತ್ತರಿಸುವ ಮೊದಲೇ ವಿಡಿಯೊ ಶುರುವಾಗಬೇಕು. ಮೊಬೈಲ್ ಹಿಡಿಯುವ ಕೆಲಸ ಹೆಂಡತಿಯದು. “ನನ್ನ ಮುಖ ಬೇಡ ಕಣೇ, ಸೀಲ್ ತೋರ್ಸು, ಸೀಲ್!” ಎಂಬ ನಿರ್ದೇಶನದಡಿ ಬಿಲ್ಲು, ಕೊರಿಯರ್ ಚೀಟಿ, ಸೀರಿಯಲ್ ನಂಬರು ಮೂರೂ ಒಟ್ಟಿಗೆ ಚಿತ್ರದಲ್ಲಿ ಬರಬೇಕು. ಇದನ್ನು ನೋಡಿ ನಗುವವರು ನಗಲಿ. ಮೊಬೈಲ್ ತರಿಸಿದವರಿಗೆ ಬಟ್ಟೆ ಸೋಪು ಬಂದ ಸುದ್ದಿ ಈ ದೇಶದಲ್ಲಿ ಹೊಸದೇನಲ್ಲ. ಹಾಗಾಗಿ ವಿಡಿಯೊ ಮುಗಿಯುವ ತನಕ ನಾನು ಅವರ ಪರವಾಗಿಯೇ ವಾದಿಸಬಲ್ಲೆ. ನನ್ನ ತಕರಾರು ಇರುವುದು ಅಲ್ಲಿಂದ ಮುಂದೆ ಅವರ ಅನುಮಾನ ಹಿಡಿಯುವ ದಾರಿಯ ಬಗ್ಗೆ. ಅನುಮಾನಪಡುವುದು ಸರಿ, ಅವರು ಅನುಮಾನಪಡುವ ಜಾಗ ಮಾತ್ರ ಹೆಚ್ಚಿನಂಶ ತಪ್ಪು.

ಕಾರ್ಡು ಸಿಕ್ಕಿಸಿ ಡ್ರೈವರ್ ಹಾಕಿದ ಕೂಡಲೇ ಅವರು ತೆರೆಯುವುದು ಆಟವನ್ನಲ್ಲ, ಜಿಪಿಯು-ಝಡ್ ಎಂಬ ಪುಟ್ಟ ಉಚಿತ ತಂತ್ರಾಂಶವನ್ನು. ಕಾರ್ಡಿನ ಹೆಸರು, ಕೋರ್‌ಗಳ ಸಂಖ್ಯೆ, ಮೆಮೊರಿ, ವೇಗ ಎಲ್ಲವನ್ನೂ ಅದು ಒಂದೇ ಕಿಟಕಿಯಲ್ಲಿ ಸಾಲಾಗಿ ತೋರಿಸುತ್ತದೆ. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಕೊಂಡವರಾದರೆ ಮೊದಲ ಆಘಾತ ಇಲ್ಲೇ ಕಾದಿರುತ್ತದೆ. ಕಾರ್ಡಿಗೂ ಮದರ್‌ಬೋರ್ಡಿಗೂ ನಡುವಿನ ಸಂಪರ್ಕ ಪಿಸಿಐಇ 4.0 ಆಗಿರಬೇಕಾದಲ್ಲಿ 1.1 ಎಂದಿರುತ್ತದೆ! “ಹಳೇ ಮಾಲು ತಂದು ತಲೆಗೆ ಕಟ್ಟಿದಾರೆ” ಎಂದು ಅಂಗಡಿಗೆ ಫೋನು ಹೋಗುತ್ತದೆ. ಅಸಲು ಸಂಗತಿ ಇಷ್ಟೆ: ಕೆಲಸವಿಲ್ಲದಾಗ ಕರೆಂಟು ಉಳಿಸಲು ಕಾರ್ಡು ಆ ಸಂಪರ್ಕದ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದೇ ಸಾಲಿನ ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಬಟನ್ನೊಂದಿದೆ. ಒತ್ತಿದರೆ ಕಾರ್ಡಿಗೆ ಸ್ವಲ್ಪ ಕೆಲಸ ಸಿಕ್ಕಿ 1.1 ಹೋಗಿ 4.0 ಆಗುತ್ತದೆ. ಎದುರಿಗೇ ಪ್ರಶ್ನೆಯ ಗುರುತಿದ್ದರೂ ಅದನ್ನು ಒತ್ತದೆ ಅಂಗಡಿಯವನನ್ನು ಪ್ರಶ್ನಿಸುವುದು ಈ ಮಹಾಶಯರ ಸ್ವಭಾವ. 4.0 ಬಂದ ಮೇಲಾದರೂ ಸಮಾಧಾನವಾಯಿತೇ ಎಂದರೆ, ಇಲ್ಲ. ದತ್ತಾಂಶ ಸಾಗುವ ಹದಿನಾರು ಲೇನುಗಳ ಜಾಗದಲ್ಲಿ ಎಂಟೇ ಕಾಣುತ್ತಿವೆಯಲ್ಲ! ಕಾರ್ಡಿನ ಹಲ್ಲುಪಟ್ಟಿ ಹದಿನಾರು ಲೇನಿನಷ್ಟೇ ಉದ್ದ ಇದ್ದರೂ 4060 ಎಂಟೇ ಲೇನುಗಳ ಕಾರ್ಡು. ಅದನ್ನು ಕಂಪನಿ ಮುಚ್ಚಿಟ್ಟಿಲ್ಲ, ವಿವರಪಟ್ಟಿಯಲ್ಲೇ ಹೇಳಿದೆ.

ಮೂರನೆಯದು ವೇಗ. ಕಂಪನಿ 2460 ಮೆಗಾಹರ್ಟ್ಝ್ ಎಂದು ಹೇಳಿದ ಬೂಸ್ಟ್ ವೇಗಕ್ಕಿಂತ ಕಾರ್ಡು ಆಟದ ನಡುವೆ ಸಾಮಾನ್ಯವಾಗಿ ಹೆಚ್ಚೇ ಓಡುತ್ತದೆ. ಕಡಿಮೆಯಾದರೆ ಮೋಸ, ಸರಿ; ಹೆಚ್ಚಾದರೆ? “ಇದರ ಹಿಂದೆ ಏನೋ ಇದೆ.” ಇನ್ನು ಬೆಂಚ್‌ಮಾರ್ಕ್ ಅಂಕಗಳು. ಯೂಟ್ಯೂಬಿನವನಿಗೆ ಬಂದದ್ದಕ್ಕಿಂತ ತಮಗೆ ಶೇಕಡಾ ಮೂರು ಕಡಿಮೆ ಬಂದರೆ ಆ ರಾತ್ರಿ ಅವರಿಗೆ ನಿದ್ದೆ ಇಲ್ಲ. ಅವನ ಪ್ರೊಸೆಸರ್ ಬೇರೆ, ರ‍್ಯಾಮ್ ಬೇರೆ, ಅವನ ಕೋಣೆಯಲ್ಲಿ ಏಸಿ ಇದೆ. ಇವರು ಮೇ ತಿಂಗಳ ಕಲಬುರಗಿಯಲ್ಲಿ ಫ್ಯಾನಿನ ಕೆಳಗೆ ಕೂತಿದ್ದಾರೆ. ಬಿಸಿ ಏರಿದಂತೆ ಚಿಪ್ಪು ತನ್ನ ವೇಗವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿಕೊಳ್ಳುವುದು ಅದರ ವಿನ್ಯಾಸದಲ್ಲೇ ಇದೆ. ಇದಕ್ಕೆ ತದ್ವಿರುದ್ಧವಾದ ಪ್ರಸಂಗವೂ ಉಂಟು. ವಿಂಡೋಸಿನ ಟಾಸ್ಕ್ ಮ್ಯಾನೇಜರ್ ತೆರೆದರೆ ಎಂಟು ಜಿಬಿ ಕಾರ್ಡಿಗೆ ಸುಮಾರು 16 ಜಿಬಿ ಎಂದು ತೋರಿಸುವುದುಂಟು, ಕಂಪ್ಯೂಟರಿನ ರ‍್ಯಾಮಿನಲ್ಲಿ ಅರ್ಧದಷ್ಟನ್ನು ‘ಹಂಚಿಕೊಂಡ ಮೆಮೊರಿ’ ಎಂದು ಲೆಕ್ಕಕ್ಕೆ ಸೇರಿಸುವುದರಿಂದ. ಜಾಹೀರಾತಿಗೂ ಪರದೆಗೂ ನಡುವೆ ಇಷ್ಟು ದೊಡ್ಡ ವ್ಯತ್ಯಾಸ ಬೇರೆಲ್ಲೂ ಇಲ್ಲ. ಈ ಒಂದು ಸಲ ಮಾತ್ರ ಅವರು ಯಾರಿಗೂ ದೂರು ಕೊಡುವುದಿಲ್ಲ.

ಈಗ ನೋಡಿ: ಇಷ್ಟು ಗದ್ದಲದ ಕೊನೆಗೆ ಬಾಕ್ಸಿನ ಮೇಲಿದ್ದ ಅಂಕಿಗಳೆಲ್ಲ ನಿಜವೇ ಆಗಿರುತ್ತವೆ. ಆಗದೆ ಏನು? ಉಚಿತ ತಂತ್ರಾಂಶವೊಂದರಿಂದ ಯಾರು ಬೇಕಾದರೂ ಎಣಿಸಬಹುದಾದ ಸಂಖ್ಯೆಯಲ್ಲಿ ಸುಳ್ಳು ಹೇಳುವಷ್ಟು ದಡ್ಡತನ ದೊಡ್ಡ ಕಂಪನಿಗಳಿಗೆ ಇರುವುದಿಲ್ಲ. ಜಾಣ್ಮೆ ಇರುವುದು ಹೆಸರಿಡುವುದರಲ್ಲಿ. 2016ರಲ್ಲಿ ಎನ್ವಿಡಿಯಾ ಜಿಟಿಎಕ್ಸ್ 1060 ಎಂಬ ಒಂದೇ ಹೆಸರಿನಲ್ಲಿ ಆರು ಜಿಬಿಯದೊಂದು, ಮೂರು ಜಿಬಿಯದೊಂದು ಕಾರ್ಡು ಮಾರಿತು. ವ್ಯತ್ಯಾಸ ಮೆಮೊರಿಯದಷ್ಟೇ ಎಂದು ಯಾರಾದರೂ ತಿಳಿಯುವುದು ಸಹಜ. ಆದರೆ ಕೋರ್‌ಗಳೂ ಒಂದರಲ್ಲಿ 1280, ಇನ್ನೊಂದರಲ್ಲಿ 1152. 2018ರಲ್ಲಿ ಜಿಟಿ 1030ಕ್ಕೆ ಜಿಡಿಡಿಆರ್5 ಬದಲು ಡಿಡಿಆರ್4 ಮೆಮೊರಿ ಹಾಕಿದ ರೂಪ ಬಂತು. ಮೆಮೊರಿ ಸೆಕೆಂಡಿಗೆ ಸಾಗಿಸುವ ದತ್ತಾಂಶ 48 ಜಿಬಿಯಿಂದ 16.8 ಜಿಬಿಗೆ ಬಿತ್ತು, ಹೆಸರು ಮಾತ್ರ ಕೂದಲೂ ಕೊಂಕದೆ ಉಳಿಯಿತು. ಪ್ರತಿಸ್ಪರ್ಧಿ ಎಎಂಡಿ ಏನೂ ಹಿಂದೆ ಬಿದ್ದಿಲ್ಲ. 1024 ಘಟಕಗಳಿದ್ದ ಆರ್‌ಎಕ್ಸ್ 560 ಹೆಸರನ್ನೇ 896 ಘಟಕಗಳ ಕಾರ್ಡಿಗೂ ಇಟ್ಟು, ಸುದ್ದಿಯಾದ ಮೇಲೆ 2017ರ ಡಿಸೆಂಬರಿನಲ್ಲಿ ಒಪ್ಪಿಕೊಂಡಿತು. 2022ರಲ್ಲಿ 12 ಜಿಬಿಯ ಆರ್‌ಟಿಎಕ್ಸ್ 4080 ಘೋಷಣೆಯಾದಾಗ ಮಾತ್ರ ಎದ್ದ ಕೂಗು ಎಷ್ಟಿತ್ತೆಂದರೆ, ಮಾರಾಟಕ್ಕೆ ಬರುವ ಮೊದಲೇ ಎನ್ವಿಡಿಯಾ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. ಅದರಲ್ಲಿ 7680 ಕೋರ್‌ಗಳು, ಅದೇ ಹೆಸರಿನ 16 ಜಿಬಿಯದರಲ್ಲಿ 9728. ಮುಂದೆ ಅದೇ ಚಿಪ್ಪು ಆರ್‌ಟಿಎಕ್ಸ್ 4070 ಟಿಐ ಎಂಬ ಹೊಸ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು.

ಲ್ಯಾಪ್‌ಟಾಪಿಗೆ ಬಂದರೆ ಇದು ಇನ್ನೂ ರಂಗೇರುತ್ತದೆ. ಆರ್‌ಟಿಎಕ್ಸ್ 4060 ಇರುವ ಎರಡು ಲ್ಯಾಪ್‌ಟಾಪುಗಳಲ್ಲಿ ಒಂದು ಆ ಚಿಪ್ಪಿಗೆ 35 ವಾಟ್ ಕೊಡಬಹುದು, ಇನ್ನೊಂದು 115 ವಾಟ್. ಎರಡೂ ಕಾನೂನುಬದ್ಧ 4060ಗಳೇ. ಲ್ಯಾಪ್‌ಟಾಪಿನ 4090 ಅಂತೂ ಡೆಸ್ಕ್‌ಟಾಪಿನ 4090ಕ್ಕೆ ಹೆಸರಿನಲ್ಲಷ್ಟೇ ಸಂಬಂಧಿ: ಡೆಸ್ಕ್‌ಟಾಪಿನದಕ್ಕೆ 16384 ಕೋರ್‌ಗಳು, ಲ್ಯಾಪ್‌ಟಾಪಿನದಕ್ಕೆ 9728. ಅಂದರೆ ಡೆಸ್ಕ್‌ಟಾಪಿನ 4080ಕ್ಕೆ ಇರುವಷ್ಟು. ನಮ್ಮ ಮಹಾಶಯರು ಈ ಲ್ಯಾಪ್‌ಟಾಪ್ ತಂದು ಪರೀಕ್ಷಿಸಿದರೆ ಪ್ರತಿಯೊಂದು ಅಂಕಿಯೂ ವಿವರಪಟ್ಟಿಯೊಂದಿಗೆ ಚಾಚೂ ತಪ್ಪದೆ ತಾಳೆಯಾಗುತ್ತದೆ. “ಪಾಸ್!” ಎಂದು ಅವರು ಘೋಷಿಸಿ ನೆಮ್ಮದಿಯಾಗಿ ಮಲಗುತ್ತಾರೆ. ಸಂತೆಯಲ್ಲಿ ಬೆಂಡೆಕಾಯಿ ಕೊಳ್ಳುವ ಹೆಂಗಸರು ಬಯ್ಗುಳ ತಿಂದಾದರೂ ತುದಿ ಮುರಿದು ನೋಡಿ, ಆಮೇಲೆ ದುಡ್ಡು ಕೊಡುತ್ತಾರೆ. ಇವರು ದುಡ್ಡು ಕೊಟ್ಟು, ಹುಳಿ ಮಾಡಿ, ಬಡಿಸಿಕೊಂಡು ಕೂತ ಮೇಲೆ ತುದಿ ಮುರಿಯುತ್ತಾರೆ. ಡೆಸ್ಕ್‌ಟಾಪಿನ 4060 ಅನ್ನೇ ತೆಗೆದುಕೊಳ್ಳಿ: ಅದರ ಮೆಮೊರಿ ದಾರಿಯ ಅಗಲ 128 ಬಿಟ್, ವೇಗ ಸೆಕೆಂಡಿಗೆ 17 ಗಿಗಾಬಿಟ್. ಗುಣಿಸಿ ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ 272 ಜಿಬಿ. ಅದಕ್ಕಿಂತ ಎರಡು ವರ್ಷ ಹಳೆಯದಾದ 12 ಜಿಬಿಯ 3060ರಲ್ಲಿ ಇದು 360 ಇತ್ತು. ಹೊಸದರಲ್ಲಿ ಕ್ಯಾಶ್ ಮೆಮೊರಿ ಮೂರರಿಂದ 24 ಎಂಬಿಗೆ ಏರಿರುವುದರಿಂದ ನಷ್ಟ ತುಂಬಿಬರುತ್ತದೆ ಎಂಬುದು ಕಂಪನಿಯ ಸಮಜಾಯಿಷಿ, ಅದರಲ್ಲಿ ಹುರುಳೂ ಇದೆ. ಆದರೆ ಈ ಲೆಕ್ಕ ಮಾಡಲು ಕಾರ್ಡು ಮನೆಗೆ ಬರಬೇಕಿರಲಿಲ್ಲ. ಕೊಳ್ಳುವ ಮುನ್ನ ಒಂದು ಗುಣಾಕಾರ ಸಾಕಿತ್ತು.

ಹಾಗಾದರೆ ಪರೀಕ್ಷೆಯೇ ವ್ಯರ್ಥವೇ ಎಂದು ಮಹಾಶಯರು ಕೇಳಬಹುದು, ಕೇಳಿಯೇ ಕೇಳುತ್ತಾರೆ. ಅವರ ಕೈಯಲ್ಲಿ ಎರಡು ಗಟ್ಟಿ ಸಾಕ್ಷಿಗಳಿವೆ, ಅವನ್ನು ತಳ್ಳಿಹಾಕಿದರೆ ನಾನು ಅನ್ಯಾಯ ಮಾಡಿದಂತೆ. ಮೊದಲನೆಯದು 2014ರ ಸೆಪ್ಟೆಂಬರಿನಲ್ಲಿ ಬಂದ ಜಿಟಿಎಕ್ಸ್ 970. ಮೆಮೊರಿ ಬಳಕೆ ಮೂರೂವರೆ ಜಿಬಿಯ ಹತ್ತಿರ ಬಂದು ಮುಂದಕ್ಕೆ ಹೋಗಲು ಹಟ ಮಾಡುತ್ತದೆ ಎಂದು ಕಂಡುಕೊಂಡವರು ಇಂಥ ಪರೀಕ್ಷಕರೇ. ಬಾಕ್ಸಿನಲ್ಲಿ ಹೇಳಿದ ನಾಲ್ಕು ಜಿಬಿ ಇದ್ದದ್ದು ನಿಜ, ಆದರೆ ಕೊನೆಯ ಅರ್ಧ ಜಿಬಿಗೆ ಹೋಗುವ ದಾರಿ ತೀರಾ ನಿಧಾನದ್ದು. 2015ರ ಜನವರಿಯಲ್ಲಿ ಎನ್ವಿಡಿಯಾ ಬಾಯಿಬಿಟ್ಟಾಗ ಇನ್ನೂ ಎರಡು ಸಂಗತಿ ಹೊರಬಿದ್ದವು: ಚಿತ್ರದ ಚುಕ್ಕಿಗಳಿಗೆ ಕೊನೆಯ ರೂಪ ಕೊಟ್ಟು ಮೆಮೊರಿಗೆ ಬರೆಯುವ ಆರ್‌ಓಪಿ ಘಟಕಗಳು ಹೇಳಿದಂತೆ 64 ಅಲ್ಲ, 56; ಕ್ಯಾಶ್ ಎರಡು ಎಂಬಿ ಅಲ್ಲ, 1.75. ಇಂಜಿನಿಯರುಗಳಿಗೂ ಮಾರ್ಕೆಟಿಂಗ್‌ನವರಿಗೂ ಮಾತುಕತೆ ಸರಿಯಾಗಿ ಆಗಲಿಲ್ಲ ಎಂಬುದು ಕಂಪನಿಯ ವಿವರಣೆ. ಒಂದೇ ಕಟ್ಟಡದಲ್ಲಿರುವವರು ಮಾತಾಡದೆ ಹೋದದ್ದಕ್ಕೆ ದಂಡವೂ ಬಿತ್ತು: 2016ರ ರಾಜಿಯಲ್ಲಿ ಅಮೆರಿಕದ ಗ್ರಾಹಕರಿಗೆ ಕಾರ್ಡಿಗೆ 30 ಡಾಲರ್ ಪರಿಹಾರ. ಎರಡನೆಯದು 2025ರ ಫೆಬ್ರುವರಿಯದು. ಆರ್‌ಟಿಎಕ್ಸ್ 5090ರಲ್ಲಿ 176 ಇರಬೇಕಾದ ಆರ್‌ಓಪಿಗಳು ಕೆಲವು ಕಾರ್ಡುಗಳಲ್ಲಿ 168 ಮಾತ್ರ ಎಂದು ಜಿಪಿಯು-ಝಡ್ ತೋರಿಸಿತು. ಎಣಿಸಿದವರದು ಹುಚ್ಚಲ್ಲ ಎಂಬುದಕ್ಕೆ ಎನ್ವಿಡಿಯಾವೇ ಪ್ರಮಾಣಪತ್ರ ಕೊಟ್ಟಿತು. ಶೇಕಡಾ ಅರ್ಧಕ್ಕಿಂತ ಕಡಿಮೆ ಕಾರ್ಡುಗಳಲ್ಲಿ ಈ ದೋಷವಿದೆ, ಸರಾಸರಿ ಶೇಕಡಾ ನಾಲ್ಕರಷ್ಟು ಸಾಮರ್ಥ್ಯ ಇಳಿಯುತ್ತದೆ, ಬದಲಿ ಕಾರ್ಡು ಪಡೆಯಿರಿ ಎಂದು ಒಪ್ಪಿಕೊಂಡಿತು.

“ಶೇಕಡಾ ನಾಲ್ಕಕ್ಕೆ ಇಷ್ಟು ಒದ್ದಾಟವೇ? ಕಣ್ಣಿಗೆ ಕಾಣುವುದೂ ಇಲ್ಲ” ಎನ್ನುವ ಉದಾರಿಗಳಿದ್ದಾರೆ. 5090 ನಮ್ಮಲ್ಲಿ ಎರಡು ಲಕ್ಷ ರೂಪಾಯಿ ದಾಟುವ ಕಾರ್ಡು. ಅದರ ಶೇಕಡಾ ನಾಲ್ಕು ಎಂಟು ಸಾವಿರವಾಯಿತು. ಕಣ್ಣಿಗೆ ಕಾಣುವುದಿಲ್ಲವೆಂದು ಎಂಟು ಸಾವಿರ ಕಡಿಮೆ ಕೊಟ್ಟು ನೋಡಿ. ಅಂಗಡಿಯವರ ಕಣ್ಣು ಎಷ್ಟು ಚುರುಕು ಎಂದು ತಿಳಿಯುತ್ತದೆ. ಪೆಟ್ರೋಲ್ ಬಂಕಿನ ಅಳತೆಗೂ ದಿನಸಿ ಅಂಗಡಿಯ ತಕ್ಕಡಿಗೂ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೀಳಬೇಕು. ಆರ್‌ಓಪಿ ಎಣಿಸಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಆ ಖಾಲಿ ಕುರ್ಚಿಯಲ್ಲಿ ಸಂಬಳವಿಲ್ಲದೆ ಕೂತವರು ನಮ್ಮ ಮಹಾಶಯರು. ಈ ಮಟ್ಟಿಗೆ ಅವರಿಗೆ ಕೈಮುಗಿಯುತ್ತೇನೆ.

ಕೈಮುಗಿದ ಮೇಲೂ ಒಂದು ತಕರಾರು ಉಳಿಯುತ್ತದೆ, ಅದು ಅವರ ಪರೀಕ್ಷೆಯ ವಿಧಾನದ್ದು. ಬಿಡುಗಡೆಯ ದಿನಾಂಕ, ಟ್ರಾನ್ಸಿಸ್ಟರುಗಳ ಸಂಖ್ಯೆ ಮುಂತಾದ ಸಾಲುಗಳನ್ನು ಜಿಪಿಯು-ಝಡ್ ಕಾರ್ಡಿನಿಂದ ಓದುವುದಿಲ್ಲ. ತನ್ನೊಳಗಿನ ದತ್ತಸಂಚಯದಿಂದ ತೆಗೆದು ತೋರಿಸುತ್ತದೆ. ಅದನ್ನು ಕಂಪನಿಯ ವಿವರಪಟ್ಟಿಯೊಂದಿಗೆ ತಾಳೆ ನೋಡಿ ಟಿಕ್ ಹಾಕುವುದೆಂದರೆ ಕಾಪಿ ಹೊಡೆದವನ ಉತ್ತರವನ್ನು ಗೈಡಿನೊಂದಿಗೆ ಹೋಲಿಸಿ ಶಹಬ್ಬಾಸ್ ಎಂದಂತೆ. ಕಾರ್ಡಿನೊಳಗಿನ ಮೂಲ ತಂತ್ರಾಂಶವಾದ ಬಯಾಸನ್ನೇ ತಿದ್ದಿದರೆ ಹೆಸರೂ ಸುಳ್ಳಾಗಬಹುದು. ಜಿಟಿಎಸ್ 450, ಜಿಟಿಎಕ್ಸ್ 550 ಟಿಐನಂಥ ಹಳೆಯ ಚಿಪ್ಪುಗಳ ಬಯಾಸ್ ಬದಲಿಸಿ ಜಿಟಿಎಕ್ಸ್ 1050 ಟಿಐ ಎಂದು ಮಾರುವ ದಂಧೆ ಹಿಂದೆ ಜೋರಾಗಿಯೇ ನಡೆದಿತ್ತು. 2018ರಲ್ಲಿ ಜಿಪಿಯು-ಝಡ್ ಇಂಥವನ್ನು ಪತ್ತೆಹಚ್ಚಿ ಹೆಸರಿನ ಮೊದಲಿಗೆ ‘ಫೇಕ್’ ಎಂದು ಬರೆಯಲು ಕಲಿತದ್ದು ಅದಕ್ಕಾಗಿಯೇ. ಕಾರ್ಡು ತನ್ನ ಬಗ್ಗೆ ಹೇಳಿಕೊಳ್ಳುವುದನ್ನು ಬರೆದುಕೊಳ್ಳುವುದಕ್ಕಿಂತ ಅದರಿಂದ ಕೆಲಸ ಮಾಡಿಸಿ ನೋಡುವುದು ಲೇಸು. ಮೆಮೊರಿಯನ್ನು ತುದಿಯವರೆಗೆ ತುಂಬಿಸುವ ಪರೀಕ್ಷೆ ಓಸಿಸಿಟಿಯಂಥ ತಂತ್ರಾಂಶದಲ್ಲಿದೆ. ಅದರ ಜೊತೆ ಒಂದು ಬೆಂಚ್‌ಮಾರ್ಕನ್ನು ಅರ್ಧ ಗಂಟೆ ಓಡಿಸಿದರೆ ಸಾಕು, ಆಮೇಲೆ ಆಟ ಆಡಬಹುದು. ಆದರೆ ನಮ್ಮವರು ಆಡುವುದಿಲ್ಲ. ಡ್ರೈವರಿನ ಹೊಸ ಆವೃತ್ತಿ ಬಂದಿರುತ್ತದೆ, ಮತ್ತೆ ಮೊದಲಿನಿಂದ ಪರೀಕ್ಷೆ ಶುರು.

ವಿಚಿತ್ರವೆಂದರೆ, ನಿಜವಾದ ದೋಷ ಸಿಕ್ಕಿದ ದಿನ ಈ ಶೂರರು ತಣ್ಣಗಾಗುತ್ತಾರೆ. ಸ್ಕ್ರೀನ್‌ಶಾಟುಗಳ ಕಂತೆ ಇರುತ್ತದೆ, ವಿಡಿಯೊ ಇರುತ್ತದೆ, ಬಿಲ್ಲಿನಲ್ಲಿ ಶೇಕಡಾ 18 ಜಿಎಸ್‌ಟಿ ಕಟ್ಟಿದ ದಾಖಲೆಯೂ ಇರುತ್ತದೆ. ಕ್ಯಾಂಟೀನಿನಲ್ಲಿ ಗೆಳೆಯರ ಮುಂದೆ ಅವನ್ನು ಪ್ರದರ್ಶಿಸಿ ಸಂಜೆಗೆ ಸುಮ್ಮನಾಗುತ್ತಾರೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ದೋಷಯುಕ್ತ ಸರಕಿಗೂ ದಾರಿತಪ್ಪಿಸುವ ಜಾಹೀರಾತಿಗೂ ಪರಿಹಾರ ಹೇಳುತ್ತದೆ. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ದೂರಿನ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಒಂದು ಕರೆ ಮಾಡಿದರೂ ಆಗುತ್ತದೆ. ಸಂಪರ್ಕ 1.1 ಎಂದು ತೋರಿಸಿದ್ದಕ್ಕೆ ಅಂಗಡಿಗೆ ಮಾಡಿದ ಫೋನನ್ನು ಇಲ್ಲಿಗೆ ಮಾಡಿದ್ದರೆ ಪ್ರಯೋಜನವಿತ್ತು.

ಇಂಥ ಮಹಾಶಯರು ನಿಮ್ಮ ಪರಿಚಯದಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಅವರನ್ನು ಗೇಲಿ ಮಾಡಿ ಓಡಿಸಬೇಡಿ. ಕಾರ್ಡನ್ನೋ ಲ್ಯಾಪ್‌ಟಾಪನ್ನೋ ಕೊಳ್ಳುವುದಕ್ಕೆ ಒಂದು ವಾರ ಮೊದಲೇ ಮನೆಗೆ ಕರೆದು, ಕಾಫಿ ಕೊಟ್ಟು, ಹೆಸರಿನ ಕೆಳಗಿರುವ ಸಣ್ಣ ಅಕ್ಷರಗಳನ್ನು ಓದಿಸಿ: ಎಷ್ಟು ವಾಟ್, ಯಾವ ಮೆಮೊರಿ, ಎಷ್ಟು ಬಿಟ್ ಅಗಲ. ಕೊಂಡ ಮೇಲೆ ಕರೆದರೆ ಅವರು ಸುಲಭಕ್ಕೆ ಎದ್ದುಹೋಗುವವರಲ್ಲ, ರಾತ್ರಿ ಊಟಕ್ಕೂ ನೀವೇ ಏಳಿಸಬೇಕಾಗುತ್ತದೆ.